ಒಂದೇ ಹೆಸರಿನ ಎರಡು ಸಾಲು

ನಮ್ಮ ಅಡುಗೆಮನೆಯ ಗೋಡೆಯ ಸ್ಟ್ಯಾಂಡಿನಲ್ಲಿ ಆರು ಸ್ಟೀಲ್ ಲೋಟಗಳು ಬೋರಲು ಬಿದ್ದಿರುತ್ತಿದ್ದವು. ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡವು. ಆರರ ಮೇಲೂ ನನ್ನ ಹೆಸರನ್ನೇ ಕೊರೆಸಿದ್ದರು. ಮನೆಗೆ ಬಂದವರ ಕಣ್ಣಿಗೆ ಅವು ಆರೂ ಒಂದೇ. ನನಗೆ ಹಾಗಿರಲಿಲ್ಲ. ಒಂದರ ತಳ ತಗ್ಗಿ ಕೆಳಗಿಟ್ಟಾಗ ಕುಣಿಯುತ್ತಿತ್ತು. ಇನ್ನೊಂದರ ಅಂಚು ಯಾವಾಗಲೋ ಬಿದ್ದು ನೆಗ್ಗಿತ್ತು. ಮತ್ತೊಂದು, ಏಕೋ ಕಾಣೆ, ಉಳಿದವುಗಳಿಗಿಂತ ಬೇಗ ಬಿಸಿಯಾಗುತ್ತಿತ್ತು. ಕಣ್ಣು ಮುಚ್ಚಿ ತೊಳೆದರೂ ಯಾವುದು ಯಾವುದೆಂದು ನನ್ನ ಬೆರಳಿಗೆ ತಿಳಿಯುತ್ತಿತ್ತು. ನನ್ನ ಮಗಳು ವಾರಿಜಾ ಬರೆದ ಮೊದಲ ದೊಡ್ಡ ಪ್ರೋಗ್ರಾಮಿನ ಕತೆ ಆ ಲೋಟಗಳ ಮುಂದೆಯೇ ಶುರುವಾಯಿತು.

ನಮ್ಮ ಊರಿನ ಹೆರಿಗೆ ಆಸ್ಪತ್ರೆಯನ್ನು ಹೆಂಗಸರೇ ಹೊತ್ತು ಕಟ್ಟಿದ್ದು. ನನ್ನ ಅತ್ತೆಯ ಕಾಲದ ಮಾತು ಅದು. ಹೊಳೆಯಿಂದ ಮರಳು ತರಲು ಗಾಡಿ ಸಿಗದಿದ್ದಾಗ ಬೀದಿ ಬೀದಿಯ ಹೆಂಗಸರು ಮಂಕರಿ ಹೊತ್ತು ಬಂದರಂತೆ. ಗೇಟಿನ ಹತ್ತಿರ ಬೆಂಚು ಹಾಕಿಕೊಂಡು ಮೂವರು ಬರೆಯುವವರು ಕೂತಿರುತ್ತಿದ್ದರು. ಮರಳು ಸುರಿದು ಬಂದವಳ ಹೆಸರು, ತಂದೆಯ ಅಥವಾ ಗಂಡನ ಹೆಸರು, ಬೀದಿ, ಆ ದಿನದ ತಾರೀಖು, ಇಷ್ಟನ್ನು ಬರೆದುಕೊಂಡು ಕೈಗೊಂದು ಬೆಲ್ಲದ ಉಂಡೆ, ಒಂದು ಹಿಡಿ ಪುರಿ ಕೊಡುತ್ತಿದ್ದರು. ಇಪ್ಪತ್ತು ದಿನ ಬಂದವಳ ಹೆಸರು ಇಪ್ಪತ್ತು ಸಲ ಇರುತ್ತಿತ್ತು. ಆ ಪುಸ್ತಕಗಳು ಆಸ್ಪತ್ರೆಯ ಬೀರುವಿನಲ್ಲಿ ಕೆಂಪು ಬಟ್ಟೆ ಸುತ್ತಿಕೊಂಡು ಅಷ್ಟೂ ವರ್ಷ ಮಲಗಿದ್ದವು.

ಆಸ್ಪತ್ರೆಯ ಮುಂದಿನ ಪಡಸಾಲೆಯನ್ನು ಹೊಸದಾಗಿ ಕಟ್ಟುವಾಗ, ಮರಳು ಹೊತ್ತ ಪ್ರತಿಯೊಬ್ಬಳ ಹೆಸರನ್ನೂ ಒಂದು ಸಲ ಕಲ್ಲಿನಲ್ಲಿ ಕೆತ್ತಿಸಬೇಕೆಂದು ಸರ್ವಮಂಗಳಮ್ಮನವರು ಹಟ ಹಿಡಿದರು. ಅವರು ಅಲ್ಲಿ ಮೇಟ್ರನ್ ಆಗಿ ನಿವೃತ್ತರಾದವರು. ಅರ್ಧ ಊರನ್ನು ಕೈಯಲ್ಲಿ ಹಿಡಿದು ಭೂಮಿಗಿಳಿಸಿದವರಾದ್ದರಿಂದ ಅವರ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ. ಕಾಲೇಜಿನಲ್ಲಿ ಕಂಪ್ಯೂಟರ್ ಓದುತ್ತಿದ್ದ ವಾರಿಜಾಳನ್ನು ಕರೆಸಿ, "ನಿನ್ನನ್ನ ತೂಕ ಮಾಡಿದ್ದು ನಾನು ಕಣೇ. ಎರಡೂಮುಕ್ಕಾಲು ಕೆಜಿ ಇದ್ದೆ. ಈಗ ನನ್ನದೊಂದು ಕೆಲಸ ಮಾಡಿಕೊಡು" ಎಂದರು.

ವಾರಿಜಾ ಇಬ್ಬರು ಗೆಳತಿಯರನ್ನು ಸೇರಿಸಿಕೊಂಡು ಎರಡು ತಿಂಗಳು ಕೂತು ಪುಸ್ತಕಗಳನ್ನೆಲ್ಲ ಟೈಪ್ ಮಾಡಿದಳು. ಒಬ್ಬ ಬರೆಯುವವನ 'ಚವುಡಮ್ಮ'ನನ್ನೂ ಇನ್ನೊಬ್ಬನ 'ಚೌಡಮ್ಮ'ನನ್ನೂ ಒಂದೇ ಕಾಗುಣಿತಕ್ಕೆ ತಂದಳು. ಎಲ್ಲ ಸೇರಿ ನಾಲ್ಕು ಸಾವಿರದ ಮುನ್ನೂರ ಹದಿನಾರು ಸಾಲು. ಇನ್ನು ಮರುಕಳಿಸಿದ್ದನ್ನು ತೆಗೆದರೆ ಮುಗಿಯಿತು, ಅದು ಒಂದು ಸಾಲಿನ ಆಜ್ಞೆ ಎಂದು ಅವಳು ಹೇಳಿದ್ದಳು.

ಆ ದಿನ ನಾನು ಪಾತ್ರೆ ತೊಳೆಯುತ್ತಿದ್ದೆ. ಅವಳು ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ಕುಕ್ಕರಿಸಿದಳು. ಮುಖ ಸಣ್ಣದಾಗಿತ್ತು.

"ಏನಾಯ್ತೇ?"

"ನಾಲ್ಕು ಸಾವಿರದ ಮುನ್ನೂರ ಹದಿನಾರು ಹಾಕ್ದೆ. ನಾಲ್ಕು ಸಾವಿರದ ಮುನ್ನೂರ ಹದಿನಾರೇ ವಾಪಸ್ ಬಂತು. ಒಂದೇ ಒಂದೂ ಕಡಿಮೆ ಆಗಿಲ್ಲಮ್ಮ."

ಅವಳು ವಿವರಿಸಿದ್ದು ನನಗೆ ತಿಳಿದದ್ದು ಹೀಗೆ. ಒಂದೊಂದು ಸಾಲನ್ನೂ ಅವಳು ಒಂದೊಂದು ಆಬ್ಜೆಕ್ಟ್ ಮಾಡಿದ್ದಳು. ಆಬ್ಜೆಕ್ಟ್ ಎಂದರೆ ಒಂದು ಪೆಟ್ಟಿಗೆಯಿದ್ದಂತೆ. ಅದರೊಳಗೆ ಹೆಸರು, ತಂದೆಯ ಹೆಸರು, ಬೀದಿ, ತಾರೀಖು. ಒಂದೇ ಆಗಿರುವುದನ್ನು ತೆಗೆದುಹಾಕು ಎಂದರೆ ಕಂಪ್ಯೂಟರ್ ಪೆಟ್ಟಿಗೆಯ ಮುಚ್ಚಳ ತೆರೆದು ನೋಡುವುದೇ ಇಲ್ಲ. ಇದು ಅದೇ ಪೆಟ್ಟಿಗೆಯೋ ಬೇರೆ ಪೆಟ್ಟಿಗೆಯೋ ಎಂದಷ್ಟೇ ನೋಡುತ್ತದೆ. ಪೆಟ್ಟಿಗೆ ಬೇರೆಯಾದರೆ ಆಳೂ ಬೇರೆ.

ನಾನು ಎರಡು ಲೋಟಗಳನ್ನು ಎತ್ತಿ ಹಿಡಿದೆ. "ಹಾಗಾದ್ರೆ ಅದಕ್ಕೂ ನನ್ನ ಬುದ್ಧಿನೇ. ನೀನು ಇವೆರಡೂ ಒಂದೇ ಅಂತೀಯ. ನಾನು ಒಪ್ಪಲ್ಲ."

ಅವಳಿಗೆ ನಗು ಬಂತು. "ನಿನ್ನ ಹತ್ರ ವಾದ ಮಾಡ್ಬಹುದು. ಅದರ ಹತ್ರ ಆಗಲ್ಲ."

"ವಾದ ಯಾಕೆ? ಏನೇನು ಸರಿಹೋದ್ರೆ ಒಂದೇ ಅಂತ ತಿಳ್ಕೋಬೇಕು ಅನ್ನೋದನ್ನ ಅದಕ್ಕೆ ಹೇಳಿಕೊಟ್ಟಿದೀಯಾ?"

"ಅದನ್ನೇ ಬರೆದಿಲ್ಲ" ಎಂದು ಎದ್ದು ಓಡಿದಳು.

ನಿಯಮ ಬರೆಯಲು ಕೂತಾಗ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡಳು. ಹೆಸರು ಒಂದೇ ಆದರೆ ಸಾಕೆ? ಸಾಲದು, ಊರಿನಲ್ಲಿ ನಿಂಗಮ್ಮಂದಿರೇ ನಲವತ್ತು ಜನ ಇದ್ದಾರು. ತಂದೆಯ ಹೆಸರೂ ಸೇರಲಿ. ಬೀದಿಯೂ ಸೇರಲಿ. "ತಾರೀಖು?" ಎಂದು ನಾನೇ ಕೇಳಿದೆ. "ತಾರೀಖು ಸೇರಿಸಿದ್ರೆ ದಿನಕ್ಕೊಬ್ಬಳಾಗಿಬಿಡ್ತಾಳಮ್ಮ" ಎಂದಳು. "ಹಾಗಾದ್ರೆ ಬಿಡು. ಯಾವ ದಿನ ಬಂದಿದ್ರೆ ನಮಗೇನು?" ಎಂದೆ. ಈ ಮಾತು ಆಡಿದವಳು ನಾನೆಂಬುದನ್ನು ಇಲ್ಲಿ ಬಚ್ಚಿಡುವುದಿಲ್ಲ.

ಆಮೇಲೂ ಎಣಿಕೆ ಇಳಿಯಲಿಲ್ಲ. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಅವಳಿಗೆ ಕಾರಣ ಸಿಕ್ಕಿತು. ಕಂಪ್ಯೂಟರ್ ಪ್ರತಿ ಪೆಟ್ಟಿಗೆಗೂ ಒಂದು ಅಂಕಿ ಕೊಟ್ಟು, ಅಂಕಿಯ ಪ್ರಕಾರ ಗೂಡುಗಳಲ್ಲಿ ಇಡುತ್ತದಂತೆ. ಒಂದೇ ಗೂಡಿಗೆ ಬಂದವನ್ನು ಮಾತ್ರ ಹೋಲಿಸುತ್ತದಂತೆ. ಒಬ್ಬಳೇ ನಿಂಗಮ್ಮನ ಹತ್ತು ಪೆಟ್ಟಿಗೆಗಳು ಹತ್ತು ಗೂಡು ಸೇರಿಬಿಟ್ಟಿದ್ದವು. "ಎದುರುಬದುರು ಆಗದೇ ಇದ್ರೆ ನೀನೂ ನಾನೂ ಒಂದೇನಾ ಅಂತ ಕೇಳೋರು ಯಾರು?" ಎಂದೆ. "ಅದೇ ಕಣಮ್ಮ!" ಎಂದು ತೊಡೆ ತಟ್ಟಿಕೊಂಡಳು. ಆ ಅಂಕಿಯೂ ಹೆಸರು, ತಂದೆ, ಬೀದಿ ಈ ಮೂರರಿಂದಲೇ ಹುಟ್ಟುವಂತೆ ಬರೆದಳು. ಆಗ ಎಣಿಕೆ ಸರ್ರನೆ ಇಳಿದು ಆರು ನೂರ ಹನ್ನೆರಡಕ್ಕೆ ನಿಂತಿತು.

ಆ ವಾರ ನನ್ನ ಕಾಲು ನೆಲದ ಮೇಲಿರಲಿಲ್ಲ. ಸರ್ವಮಂಗಳಮ್ಮನವರು ಸಮಿತಿಯ ಮುಂದೆ ಅವಳನ್ನು ನಿಲ್ಲಿಸಿ ಬೆನ್ನು ತಟ್ಟಿದರು. ತರಕಾರಿಯವಳು ಕೊತ್ತಂಬರಿ ಕಟ್ಟಿನ ಜೊತೆ ಇನ್ನೊಂದು ಎಸಳು ಹಾಕಿ, "ಲಿಸ್ಟ್ ಮಾಡಿದ ಹುಡುಗಿ ತಾಯಿ ಅಲ್ವಾ ನೀವು?" ಎಂದಳು. ಕಲ್ಲು ಕೆತ್ತುವ ಕಾಳಾಚಾರಿ ಮೊದಲ ಚಪ್ಪಡಿಯ ನೆತ್ತಿಯಲ್ಲಿ 'ಮರಳು ಹೊತ್ತ ಆರು ನೂರ ಹನ್ನೆರಡು ಹೆಣ್ಣುಮಕ್ಕಳು' ಎಂದು ಕೆತ್ತಿ ಮುಗಿಸಿದ. ಅದರ ಕೆಳಗೆ ಅಕಾರಾದಿಯಾಗಿ ಹೆಸರುಗಳು ಶುರುವಾದವು. ನೋಡುವವರು ನೋಡಲಿ ಎಂದು ಪಟ್ಟಿಯ ಒಂದು ಪ್ರತಿಯನ್ನು ಆಸ್ಪತ್ರೆಯ ಗೇಟಿಗೆ ಅಂಟಿಸಿದ್ದರು.

ಕಾಳಾಚಾರಿ 'ಗ' ಅಕ್ಷರದಲ್ಲಿದ್ದ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ, ಒಬ್ಬ ಮುದುಕಿ ನಮ್ಮ ಬಾಗಿಲಿಗೆ ಬಂದಳು. ಸುಣ್ಣದಗೂಡಿನ ಬೀದಿಯಿಂದ ನಡೆದೇ ಬಂದಿದ್ದಳು. ಹೆಸರು ಚೌಡಮ್ಮ ಎಂದಳು. ನೀರು ಕೊಟ್ಟೆ. ಕುಡಿದು, ಲೋಟವನ್ನು ಕೆಳಗಿಟ್ಟಳು. ಅದು ತಳ ತಗ್ಗಿದ ಲೋಟ. ಸ್ವಲ್ಪ ಕುಣಿದು ನಿಂತಿತು.

"ಹೆಸರು ತೆಗೆದಿರೋ ಹುಡ್ಗಿ ನೀನೇನಾ ಮಗ?"

ವಾರಿಜಾ ತಟ್ಟೆ ಬಿಟ್ಟು ಎದ್ದು ಬಂದಳು. "ಅಜ್ಜಿ, ನಿಮ್ಮ ಹೆಸರು ಇರಬೇಕಲ್ಲ. ಚೌಡಮ್ಮ, ಯಾರ ಮಗಳು?"

"ಮೂಡ್ಲಯ್ಯನ ಮಗಳು."

ಅವಳು ಒಳಗಿನಿಂದ ಪಟ್ಟಿ ತಂದು ಬೆರಳಿಟ್ಟು ತೋರಿಸಿದಳು. "ನೋಡಿ, ಇದೆ. ಚೌಡಮ್ಮ, ಮೂಡ್ಲಯ್ಯನ ಮಗಳು, ಸುಣ್ಣದಗೂಡಿನ ಬೀದಿ."

"ಗೇಟಲ್ಲಿ ಮೊಮ್ಮಗಳು ಓದಿದ್ಲು. ಇದೆ ಅಂತ ಗೊತ್ತು. ಅದನ್ನೇ ಕೇಳೋಕೆ ಬಂದೆ." ಮುದುಕಿ ತಲೆಯೆತ್ತಿ ಅವಳ ಮುಖ ನೋಡಿದಳು. "ಅಲ್ಲಿರೋದು ನಾನಾ, ನಮ್ಮಕ್ಕನಾ?"

ವಾರಿಜಾ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

ಚೌಡಮ್ಮ ನಿಧಾನವಾಗಿ ಹೇಳಿದಳು. ಮನೆದೇವರು ಚೌಡೇಶ್ವರಿ. ಅವಳ ಅಪ್ಪ ಹುಟ್ಟಿದ ಎರಡು ಹೆಣ್ಣುಮಕ್ಕಳಿಗೂ ದೇವಿಯ ಹೆಸರನ್ನೇ ಇಟ್ಟಿದ್ದ. ಮನೆಯಲ್ಲಿ ಅಕ್ಕ ದೊಡ್ಡಚೌಡಿ, ತಂಗಿ ಚಿಕ್ಕಚೌಡಿ. ಮರಳು ಹೊರುವ ಹೊತ್ತಿಗೆ ಅಕ್ಕನಿಗೆ ಮದುವೆಯಾಗಿ, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು.

"ಬಸುರಿ ಹೊರಬಾರ್ದು ಕಣೆ ಅಂದ್ರೂ ಕೇಳ್ಲಿಲ್ಲ. ಅರ್ಧ ಮಂಕರಿನಾದ್ರೂ ಹೊರ್ತೀನಿ ಅಂತ ಬರೋಳು. ಬರ್ಕೊಳ್ಳೋನು ಗಂಡನ ಹೆಸರು ಹೇಳಮ್ಮ ಅಂದ್ರೆ, ತವರಲ್ಲಿದೀನಿ, ಮೂಡ್ಲಯ್ಯನ ಮಗಳು ಅಂತ್ಲೇ ಬರ್ಕೊಳ್ಳಿ ಅನ್ನೋಳು. ಆ ಆಸ್ಪತ್ರೆ ನನ್ನ ಸರದಿಗೆ ಆಗಲ್ಲ, ನಿನ್ನ ಸರದಿಗಾದ್ರೂ ಆಗ್ಲಿ ಅಂತ ನನಗೆ ಹೇಳೋಳು."

"ಆಮೇಲೆ?" ಎಂದಳು ವಾರಿಜಾ, ಬಲು ಮೆಲ್ಲಗೆ.

"ಗೋಡೆ ಎದ್ದಿತ್ತು, ಚಾವಣಿ ಇರ್ಲಿಲ್ಲ. ಹೆರಿಗೇಲಿ ಹೋದ್ಲು. ಕೂಸೂ ಉಳೀಲಿಲ್ಲ. ನಾನೊಬ್ಳೇ ಮತ್ತೆ ಹೊರೋಕೆ ಹೋದೆ. ಅವಳದೊಂದು ಪಟ ಇಲ್ಲ, ಮಕ್ಕಳಿಲ್ಲ. ಅವಳ ಹೆಸರು ಇನ್ನೆಲ್ಲೂ ಬರೆದಿಲ್ಲ ಮಗ. ಆ ಮರಳಿನ ಪುಸ್ತಕದಲ್ಲಿ ಮಾತ್ರ."

ವಾರಿಜಾ ಕಂಪ್ಯೂಟರ್ ಮುಂದೆ ಹೋಗಿ ಕೂತಳು. ನಾನೂ ಹಿಂದೆ ನಿಂತೆ. ಒಂದನ್ನೂ ತೆಗೆಯದ ಹಳೆಯ ಲಿಸ್ಟನ್ನು ತೆರೆದು, ಮೂಡ್ಲಯ್ಯನ ಮಗಳ ಸಾಲುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿದಳು. ಮೊದಲ ದಿನ ಚೌಡಮ್ಮ, ಅದರ ಕೆಳಗೇ ಮತ್ತೆ ಚೌಡಮ್ಮ. ಎರಡನೆಯ ದಿನವೂ ಎರಡು. ಹೀಗೆ ಒಂಬತ್ತು ದಿನ ಎರಡೆರಡು ಸಾಲು. ಅನಂತರ ಹದಿನೆಂಟು ದಿನ ಏನೂ ಇಲ್ಲ. ಅದಾದ ಮೇಲೆ ದಿನಕ್ಕೊಂದೇ ಸಾಲು.

ಅವಳು ಆ ಖಾಲಿ ಜಾಗವನ್ನೇ ನೋಡುತ್ತ ಕೂತಳು. ಬರೆಯುವವನು ತೂಕಡಿಸಿ ಎರಡು ಸಲ ಬರೆದಿದ್ದಾನೆ ಎಂದು ಟೈಪ್ ಮಾಡುವಾಗ ನಕ್ಕಿದ್ದಳಂತೆ. ತಾರೀಖನ್ನೇ ನೋಡದ ನಿಯಮಕ್ಕೆ ಒಂದೇ ದಿನ ಎರಡು ಸಾಲು ಇದ್ದದ್ದು ಕಾಣಲಿಲ್ಲ; ಇಬ್ಬರು ಅಕ್ಕತಂಗಿಯರೂ ಒಂದೇ ಗೂಡಿಗೆ ಹೋಗಿ ಒಬ್ಬರಾಗಿದ್ದರು. ಮೊದಲು ಬಂದ ಪೆಟ್ಟಿಗೆ ಉಳಿದಿತ್ತು. ಅದು ಯಾರದೆಂದು ಕಂಪ್ಯೂಟರಿಗೂ ಗೊತ್ತಿಲ್ಲ, ದೇವರಿಗೇ ಗೊತ್ತು.

"ತಾರೀಖು ಬಿಡು ಅಂದೋಳು ನಾನು" ಎಂದೆ.

"ಬರೆದೋಳು ನಾನಮ್ಮ."

ನಡುಮನೆಗೆ ಹಿಂತಿರುಗಿ ಅವಳು ಚೌಡಮ್ಮನ ಮುಂದೆ ನೆಲದ ಮೇಲೆ ಕೂತಳು. "ಅಜ್ಜಿ, ತಪ್ಪು ನಂದು. ನಿಮ್ಮಕ್ಕನ್ನ ಅಳಿಸಿದ್ದು ನಾನೇ. ಸರಿ ಮಾಡ್ತೀನಿ. ಒಂದು ಕಡೆ ದೊಡ್ಡಚೌಡಮ್ಮ, ಇನ್ನೊಂದು ಕಡೆ ಚಿಕ್ಕಚೌಡಮ್ಮ ಅಂತ ಕೆತ್ತಿಸಲಾ?"

"ಬೇಡ. ದೊಡ್ಡ, ಚಿಕ್ಕ ಅನ್ನೋದು ಒಲೆ ಮುಂದಿನ ಮಾತು. ಅವಳೇ ಬೆಂಚಿನ ಮುಂದೆ ನಿಂತು ಚೌಡಮ್ಮ ಅಂತ ಹೇಳಿದ್ಲು, ನಾನೂ ಹಂಗೇ ಹೇಳ್ದೆ. ಹೇಳಿದ್ದಂಗೇ ಇರ್ಲಿ."

ಮರುದಿನ ಬೆಳಿಗ್ಗೆ ಕಾಳಾಚಾರಿ 'ಚ' ಅಕ್ಷರಕ್ಕೆ ಕೈ ಹಾಕುವ ಮೊದಲೇ ನಾವು ಆಸ್ಪತ್ರೆಯ ಅಂಗಳದಲ್ಲಿದ್ದೆವು. ಒಲೆಯ ಮೇಲಿನ ಹಾಲನ್ನು ಪಕ್ಕದ ಮನೆಯವರಿಗೆ ನೋಡಿಕೊಳ್ಳಲು ಹೇಳಿ ನಾನೂ ಹೋಗಿದ್ದೆ. ಮಾತಾಡುವುದಿಲ್ಲವೆಂದು ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಸಮಿತಿಯ ನಾಲ್ಕು ಜನರೂ ಕೆಲಸ ನೋಡಲು ಬಂದಿದ್ದರು. ವಾರಿಜಾ ನೇರ ಸರ್ವಮಂಗಳಮ್ಮನವರ ಮುಂದೆ ಹೋಗಿ ನಿಂತಳು.

"ಲಿಸ್ಟ್ ತಪ್ಪಾಗಿದೆ ಮೇಡಂ. ನನ್ನ ನಿಯಮ ತಪ್ಪು. ಬೇರೆ ಬೇರೆ ಜನರನ್ನ ಒಬ್ಬರು ಅಂತ ಮಾಡಿಬಿಟ್ಟಿದೀನಿ. ನನಗೆ ಗೊತ್ತಾಗಿರೋದು ಒಂದು. ಇನ್ನೆಷ್ಟಿದಾವೋ ನೋಡ್ಬೇಕು. ನಾಲ್ಕು ದಿನ ಕೆಲಸ ನಿಲ್ಲಿಸ್ಬೇಕು."

ಸರ್ವಮಂಗಳಮ್ಮನವರು ಕನ್ನಡಕ ತೆಗೆದರು. "ಆರು ನೂರ ಹನ್ನೆರಡು ಅಂತ ಆಹ್ವಾನ ಪತ್ರಿಕೆ ಅಚ್ಚಾಗಿದೆ ಕಣೇ."

"ಹೂಂ ಮೇಡಂ."

"ಕಲ್ಲಲ್ಲೂ ಕೆತ್ತಿ ಆಗಿದೆ."

"ಹೂಂ ಮೇಡಂ. ಅದೂ ತಪ್ಪೇ."

ಕಾಳಾಚಾರಿ ಉಳಿಯನ್ನು ನೆಲಕ್ಕೆ ಕುಕ್ಕಿದ. "ಇದೇನು ಪಾಟೀನೇನವ್ವ, ಎಂಜಲು ಹಚ್ಚಿ ಒರೆಸೋಕೆ? ಕಲ್ಲು!"

ಸಮಿತಿಯ ಒಬ್ಬರು, "ಒಂದೆರಡು ಹೆಸರು ತಾನೆ, ಹೆಸರಂತೂ ಇದೆಯಲ್ಲ, ಇಬ್ಬರಿಗೂ ಅದೇ ಆಯ್ತು" ಎಂದರು. ನನ್ನ ಮಗಳು ಅವರ ಕಡೆ ತಿರುಗಿ, "ಸಾರ್, ಇಬ್ಬರು ಹೊತ್ತಿರೋದನ್ನ ಒಬ್ಬರು ಅಂತ ಕಲ್ಲಲ್ಲಿ ಬರೆದ್ರೆ, ಒಬ್ಬರು ಬರಲೇ ಇಲ್ಲ ಅಂತ ಆಗತ್ತೆ. ಆಕೆಗೆ ಇದು ಬಿಟ್ಟು ಬೇರೇನೂ ಇಲ್ಲ" ಎಂದಳು. ಚೌಡಮ್ಮನ ಅಕ್ಕನ ಕತೆಯನ್ನು ಅವಳು ಅಲ್ಲಿ ಹೇಳಿದಳು, ಒಂದು ಮಾತೂ ಹೆಚ್ಚಿಲ್ಲದೆ, ಒಂದೂ ಕಡಿಮೆಯಿಲ್ಲದೆ. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಪರೀಕ್ಷೆಯಲ್ಲಿ ಅವಳು ಮೊದಲು ಬಂದಾಗಲೂ, ಸಮಿತಿಯವರ ಮುಂದೆ ಬೆನ್ನು ತಟ್ಟಿಸಿಕೊಂಡಾಗಲೂ ನನ್ನ ಎದೆ ಹಾಗೆ ತುಂಬಿರಲಿಲ್ಲ.

ಸರ್ವಮಂಗಳಮ್ಮನವರು ಕನ್ನಡಕ ಹಾಕಿಕೊಂಡು, "ನಾಲ್ಕಲ್ಲ, ಐದು ದಿನ ತಗೋ" ಎಂದರು.

ಈ ಸಲ ಅವಳು ಬರೆದ ನಿಯಮ ಬೇರೆ ಥರ. ಬೇರೆ ಬೇರೆ ದಿನಗಳಲ್ಲಿ ಒಂದೇ ಥರ ಇರುವ ಸಾಲುಗಳನ್ನು ಮೊದಲಿನಂತೆ ಒಂದು ಮಾಡುವುದು. ಒಂದೇ ದಿನ ಎರಡು ಸಲ ಬಂದದ್ದನ್ನು ಮಾತ್ರ ಮುಟ್ಟದೆ ಬೇರೆ ಇಡುವುದು. "ಒಂದೇ ಅಂತ ಇದು ತೀರ್ಪು ಕೊಡಲ್ಲಮ್ಮ. ಹೋಗಿ ಕೇಳು ಅಂತ ನನಗೆ ಹೇಳತ್ತೆ ಅಷ್ಟೇ" ಎಂದಳು. ಮೂವತ್ತೊಂದು ಜೋಡಿ ಸಿಕ್ಕವು. ಬೆಳಿಗ್ಗೆ ಅಡುಗೆ ಮುಗಿಸಿ ನಾನೂ ಅವಳ ಜೊತೆ ಬೀದಿ ಸುತ್ತಿದೆ. ಬದುಕಿದ್ದವರನ್ನೇ ಕೇಳಿದೆವು, ಇಲ್ಲದವರ ಮಕ್ಕಳನ್ನೂ ನೆರೆಯವರನ್ನೂ ಕೇಳಿದೆವು.

ಇಪ್ಪತ್ತನಾಲ್ಕು ಕಡೆ ಹೆಂಗಸು ಒಬ್ಬಳೇ. ತೋಪಿನ ಬೀದಿಯ ಹಲ್ಲಿಲ್ಲದ ಪುಟ್ಟಹೊನ್ನಮ್ಮ ಎಂಬಾಕೆಯಂತೂ ನಮ್ಮನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಒಬ್ಳೇ ಕಣವ್ವ. ಈ ಬೆಂಚಿನೋನ ಹತ್ರ ಒಂದು ಸಲ ಹೆಸರು ಹೇಳೋದು, ಆ ಬೆಂಚಿನೋನ ಹತ್ರ ಇನ್ನೊಂದು ಸಲ. ಎರಡು ಉಂಡೆ ಬೆಲ್ಲ ಸಿಗೋದು. ಈಗ ಗೊತ್ತಾಗೋಯ್ತಾ? ಅಯ್ಯೋ, ಏನು ಮಿಷಿನ್ನೋ ಅದು!" ಅವಳ ಸೊಸೆ ನಗುತ್ತ, "ನಮ್ಮತ್ತೆ ಕಳ್ಳತನ ಕಲ್ಲಿನ ಮೇಲೆ ಬರೆಸ್ಬೇಡಿ" ಎಂದಳು.

ಚೌಡಮ್ಮನದೂ ಸೇರಿ ಉಳಿದ ಏಳು ಕಡೆ ನಿಜವಾಗಿಯೂ ಇಬ್ಬರಿದ್ದರು. ಒಂದೇ ಹೆಸರಿನ ದಾಯಾದಿಗಳಿಗೆ ಹುಟ್ಟಿ, ಇಬ್ಬರೂ ಅಜ್ಜಿಯ ಹೆಸರನ್ನೇ ಇಟ್ಟುಕೊಂಡ ಹೆಣ್ಣುಮಕ್ಕಳು; ಒಂದೇ ಹೆಸರಿನ ಇಬ್ಬರು ಗಂಡಂದಿರ ಕೈಹಿಡಿದು ಒಂದೇ ಬೀದಿಗೆ ಬಂದ ಇಬ್ಬರು ತಾಯಮ್ಮಂದಿರು. ಚೌಡಮ್ಮನನ್ನು ಬಿಟ್ಟರೆ ಆ ಮನೆಗಳಲ್ಲಿ ಯಾರೂ ಗೇಟಿನ ಪಟ್ಟಿ ನೋಡಿ ತಕರಾರು ತೆಗೆದಿರಲಿಲ್ಲ. ಹೆಸರು ಕಂಡಿತ್ತು, ಸುಮ್ಮನಾಗಿದ್ದರು. ಆರು ನೂರ ಹತ್ತೊಂಬತ್ತು ಎಂದು ವಾರಿಜಾ ಪಟ್ಟಿಯ ಕೊನೆಯಲ್ಲಿ ಕೈಯಲ್ಲೇ ಬರೆದಳು.

ನೆತ್ತಿಯ ಸಾಲನ್ನು ಏನು ಮಾಡುವುದೆಂಬ ಪ್ರಶ್ನೆಗೆ ಕಾಳಾಚಾರಿಯೇ ದಾರಿ ಹುಡುಕಿದ. ಆ ಸಾಲಿದ್ದ ಕಲ್ಲಿನ ಭಾಗವನ್ನಷ್ಟೇ ಅರ್ಧ ಬೆರಳಿನ ಆಳ ಕೆತ್ತಿ ತೆಗೆದು, ತಗ್ಗಿನಲ್ಲಿ ಹೊಸ ಸಾಲು ಬರೆದ. ಎರಡು ದಿನ ಗೊಣಗುತ್ತಲೇ ಮಾಡಿದ. ಮುಗಿದ ಮೇಲೆ ವಾರಿಜಾಳನ್ನು ಕರೆದು, "ಬೆರಳು ಆಡ್ಸಿ ನೋಡು. ತಿದ್ದಿರೋದು ಅಂತ ಗೊತ್ತಾಗತ್ತೆ. ಗೊತ್ತಾಗ್ಲಿ ಬಿಡು" ಎಂದ. ಅವಳು ಬೆರಳಾಡಿಸಿ, "ಚೆನ್ನಾಗಿದೆ ಆಚಾರ್ರೇ" ಎಂದಳು. ಮುಖ ಕೆಂಪಾಗಿತ್ತು, ಆದರೆ ಕಣ್ಣು ತಗ್ಗಿಸಲಿಲ್ಲ.

ಪಡಸಾಲೆ ತೆರೆದ ದಿನ ಬೆಳಿಗ್ಗೆಯಿಂದಲೇ ಜನ. ಎಲ್ಲರೂ ತಮ್ಮ ತಮ್ಮ ಅಜ್ಜಿಯರನ್ನು ಕಲ್ಲಿನಲ್ಲಿ ಹುಡುಕುತ್ತಿದ್ದರು. ಒಬ್ಬ ನಡುವಯಸ್ಸಿನವನು 'ಚ' ಸಾಲುಗಳ ಮುಂದೆ ನಿಂತು ಜೊತೆಯವನಿಗೆ ಜೋರಾಗಿ, "ನೋಡಯ್ಯ, ಆಚಾರಿಗೆ ನಿದ್ದೆ ಬಂದಿತ್ತೇನೋ. ಒಂದೇ ಹೆಸರು ಎರಡು ಸಲ ಕೆತ್ತವ್ನೆ" ಎಂದ.

ಹಿಂದೆ ನಿಂತಿದ್ದ ಚೌಡಮ್ಮ ಅವನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು. "ನಿದ್ದೆ ಬಂದಿರೋದು ನಿನಗೆ. ನಾವು ಇಬ್ರು."

ಅವನು ಪೆಚ್ಚಾಗಿ ಜಾಗ ಬಿಟ್ಟ. ಮುದುಕಿ ಕಲ್ಲಿನ ಹತ್ತಿರ ಹೋಗಿ ನಿಂತಳು. ಓದಲು ಬಾರದ ಆಕೆಗೆ ವಾರಿಜಾ ಕೈ ಹಿಡಿದು ಆ ಎರಡು ಸಾಲುಗಳನ್ನು ಮುಟ್ಟಿಸಿದಳು. ಚೌಡಮ್ಮ, ಮೂಡ್ಲಯ್ಯನ ಮಗಳು. ಚೌಡಮ್ಮ, ಮೂಡ್ಲಯ್ಯನ ಮಗಳು. ಆಕೆ ಬೆರಳನ್ನು ಮೇಲಿನದರ ಮೇಲೆ ಒಮ್ಮೆ ಪೂರ್ತಿ ಎಳೆದಳು, ಕೆಳಗಿನದರ ಮೇಲೆ ಒಮ್ಮೆ. ಆಮೇಲೆ ಸೊಂಟದಿಂದ ಬಾಳೆಲೆಯ ಪೊಟ್ಟಣ ತೆಗೆದು, ಒಂದು ಕನಕಾಂಬರದ ತೊಟ್ಟನ್ನು ಮೇಲಿನ ಸಾಲಿನ ಮೊದಲ ಅಕ್ಷರದ ಕೊರಕಲಿಗೆ ಸಿಕ್ಕಿಸಿದಳು.

"ಮೇಲಿನದು ಅವರದು ಅಂತ ಹೇಗೆ ಗೊತ್ತಾಯ್ತು ಅಜ್ಜಿ?" ಎಂದು ವಾರಿಜಾ ಕೇಳಿದಳು.

"ಹಿರೀಳು ಅವಳು. ಬೆಂಚಿನ ಹತ್ರನೂ ಅವಳೇ ಮುಂದೆ ನಿಲ್ಲೋಳು."

"ಕೆಳಗಿನದಕ್ಕೂ ಒಂದು ಹೂ ಇಡಿ ಮತ್ತೆ."

"ನನಗ್ಯಾಕೆ ಈಗ್ಲೇ?" ಎಂದು ಚೌಡಮ್ಮ ಪೊಟ್ಟಣ ಮಡಿಸಿದಳು. "ನಾನಿನ್ನೂ ಇದೀನಲ್ಲ."

ಅವಳು ಮೊಮ್ಮಗಳ ಕೈ ಹಿಡಿದು ಮೆಟ್ಟಿಲಿಳಿದು ಹೋದಳು. ನಾನೂ ನನ್ನ ಮಗಳೂ ಜನ ಕರಗುವವರೆಗೆ ಅಲ್ಲೇ ನಿಂತಿದ್ದೆವು. ಮೇಲಿನ ಸಾಲಿನಲ್ಲಿ ಹೂವು ಗಾಳಿಗೆ ಅಲುಗುತ್ತಿತ್ತು. ಕೆಳಗಿನ ಸಾಲಿನ ಅಕ್ಷರಗಳೊಳಗೆ ಉಳಿ ಬಿಟ್ಟುಹೋದ ಬಿಳಿ ಪುಡಿ ಇನ್ನೂ ಹಾಗೆಯೇ ಇತ್ತು.